ವೈಕಲ್ಯದ ಪ್ರಮಾಣಪತ್ರ ಮತ್ತು ಚಿಕಿತ್ಸೆಯ ನೆರವು

ಮಗುವಿನ ಬುದ್ಧಿಬೆಳವಣಿಗೆ ಕುಂಠಿತವಾಗಿದೆಯೆಂದು ವೈದ್ಯರು ತಿಳಿಸಿದ ಮೇಲೂ ವೈಕಲ್ಯದ ಪ್ರಮಾಣಪತ್ರ ಮಾಡಿಸಲು ಅನೇಕ ತಾಯಿ-ತಂದೆಯರು ಹಿಂಜರಿಯುತ್ತಾರೆ. ಮಗುವಿಗೆ ಜೀವನಪೂರ್ತಿ ಒಂದು ಹೆಸರು ಅಂಟಿಕೊಳ್ಳುವುದೆಂಬ ಅಳುಕು ಅವರದು. ಈ ಅಳುಕು ಸಹಜವಾದುದೇ. ಆದರೆ ಆ ಪತ್ರವಿಲ್ಲದೆ ಚಿಕಿತ್ಸೆಗೆ ದೊರೆಯಬೇಕಾದ ಸರಕಾರದ ನೆರವು ಮಗುವನ್ನು ತಲುಪುವುದಿಲ್ಲ. ಆದ್ದರಿಂದ ವೈಕಲ್ಯವನ್ನು ಹೇಗೆ ನಿರ್ಣಯಿಸುತ್ತಾರೆ, ಅದರಿಂದ ಯಾವ ನೆರವು ಲಭಿಸುತ್ತದೆ ಎಂಬುದನ್ನು ಪ್ರತಿಯೊಂದು ಕುಟುಂಬವೂ ಅರಿತಿರಬೇಕು.

1995ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2016ರ ಕಾಯಿದೆಯು ಅವುಗಳನ್ನು 21ಕ್ಕೆ ವಿಸ್ತರಿಸಿತು. ಆಟಿಸಂ, ಪಾರ್ಕಿನ್‌ಸನ್, ಹಿಮೋಫೀಲಿಯಾ, ಥಲಸ್ಸೇಮಿಯಾಗಳೂ ಈಗ ಪಟ್ಟಿಯಲ್ಲಿವೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಕಾಯಿದೆಯ ವಿಶೇಷ ಸೌಲಭ್ಯಗಳು ಅನ್ವಯಿಸುತ್ತವೆ.

ಇಲ್ಲಿ ಅಳೆಯುವುದು ರೋಗದ ಹೆಸರನ್ನಲ್ಲ, ಅದರಿಂದ ಉಳಿದಿರುವ ಕೊರತೆಯನ್ನು. ಕಣ್ಣಿನ ದೃಷ್ಟಿಯನ್ನು ಸೂಕ್ತ ಕನ್ನಡಕ ಧರಿಸಿದ ಮೇಲೆ ಪರೀಕ್ಷಿಸುತ್ತಾರೆ. ಬೌದ್ಧಿಕ ನ್ಯೂನತೆಯಲ್ಲಿ ಬುದ್ಧಿಯ ಪರೀಕ್ಷೆಯ ಜೊತೆಗೆ ಉಣ್ಣುವುದು, ಉಡುವುದು, ಇತರರೊಡನೆ ಬೆರೆಯುವುದು ಮುಂತಾದ ನಿತ್ಯದ ನಡವಳಿಕೆಯನ್ನೂ ವಿಚಾರಿಸುತ್ತಾರೆ. ಆಗ ಮಗುವಿನ ಮೇಲಿನ ಅಭಿಮಾನದಿಂದ ‘ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ’ ಎನ್ನದೆ, ಇದ್ದುದನ್ನು ಇದ್ದಂತೆಯೇ ಹೇಳಬೇಕು. ಎರಡು ಬಗೆಯ ವೈಕಲ್ಯವಿದ್ದರೆ ಎರಡರ ಶೇಕಡಾವನ್ನು ಸುಮ್ಮನೆ ಕೂಡಿಸುವುದಿಲ್ಲ. ನಿಯಮದ ಸೂತ್ರದಂತೆ ಲೆಕ್ಕ ಹಾಕುತ್ತಾರೆ.

ಪ್ರಮಾಣಪತ್ರ ಹಾಗೂ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡರೆ ಅವರು ದಾರಿ ತೋರುವರು. ಹಳೆಯ ಚಿಕಿತ್ಸೆಯ ಕಾಗದಗಳನ್ನೆಲ್ಲ ವೈದ್ಯರ ಮುಂದಿಡುವುದು ಒಳ್ಳೆಯದು.

ಇನ್ನು ನೆರವಿನ ವಿಚಾರ. ಕಾರ್ಡು ಕೈಗೆ ಬಂದೊಡನೆ ವಿಮೆ ತಾನಾಗಿ ಬರುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ ಬೇಕು. ಕೇಂದ್ರದ ರಾಷ್ಟ್ರೀಯ ನ್ಯಾಸವು ನಡೆಸುವ ‘ನಿರಾಮಯ’ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸಾ ವೆಚ್ಚ ದೊರೆಯುತ್ತದೆ. ಹೊರರೋಗಿ ಚಿಕಿತ್ಸೆ, ಔಷಧ, ಥೆರಪಿಗಳೂ ಇದರಲ್ಲಿ ಸೇರಿವೆ. ಸೇರ್ಪಡೆಗೆ ವಯಸ್ಸಿನ ಮಿತಿಯಿಲ್ಲ. ಆದರೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ವೈಕಲ್ಯ ಎಂಬ ನಾಲ್ಕು ಬಗೆಯವರಿಗೆ ಮಾತ್ರ ಇದು ಮೀಸಲು. ಪೋಲಿಯೋದಿಂದ ಕಾಲು ಸೋತವರು, ಅಂಧರು ಎಷ್ಟೇ ಶೇಕಡಾ ಪಡೆದಿದ್ದರೂ, ಬೇರೆ ವೈಕಲ್ಯವಿಲ್ಲದಿದ್ದರೆ, ಇದರೊಳಗೆ ಬರುವುದಿಲ್ಲ. ಅಂಥವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವನ್ನು ಅವಲಂಬಿಸಬೇಕು. ಅಲ್ಲಿ ನಿರ್ಣಾಯಕವಾದುದು ಪಡಿತರ ಚೀಟಿ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ.

ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ಮುಂದೆ ಬದಲಾಗಬಹುದಾದ ವೈಕಲ್ಯಕ್ಕೆ ತಾತ್ಕಾಲಿಕ ಪತ್ರ ಕೊಡುತ್ತಾರೆ. ಅದರ ಅವಧಿ ಮುಗಿಯುವ ಮುನ್ನವೇ ಮರುಪರೀಕ್ಷೆ ಮಾಡಿಸಬೇಕು. ನಿರಾಮಯದ ನವೀಕರಣವನ್ನೂ ಮರೆಯಬಾರದು. ಎರಡನೆಯದು, ಅರ್ಜಿ ತಿರಸ್ಕೃತವಾದರೆ ಅಥವಾ ಶೇಕಡಾ ಕಡಿಮೆಯೆನಿಸಿದರೆ ಎದೆಗುಂದಬಾರದು. ತಿರಸ್ಕಾರದ ಕಾರಣವನ್ನು ಬರವಣಿಗೆಯಲ್ಲಿ ಪಡೆಯುವ ಹಕ್ಕಿದೆ. ಕಾಯಿದೆಯ 59ನೆಯ ಕಲಮಿನಂತೆ ಮೇಲ್ಮನವಿಗೂ ಅವಕಾಶವಿದೆ.

ಶೇಕಡಾವಾರು ಅಂಕೆಯು ಮಗುವಿನ ಬೆಲೆಯಲ್ಲ. ಅದಕ್ಕೆ ಎಷ್ಟು ಆಸರೆ ಬೇಕೆಂಬುದರ ಗುರುತು. ಹಿಂಜರಿಕೆಯಲ್ಲಿ ಕಳೆದ ವರ್ಷಗಳ ಚಿಕಿತ್ಸೆಯನ್ನು ಮರಳಿ ತರಲಾಗದು. ತಮ್ಮ ಓಣಿಯಲ್ಲಿ ಇಂಥ ಮಗುವಿದ್ದರೆ ಆ ಮನೆಯವರಿಗೆ ಈ ಸಂಗತಿಯನ್ನು ತಿಳಿಸುವುದು ನಮ್ಮೆಲ್ಲರ ಕರ್ತವ್ಯ.