ಪಂಜರದ ಹಕ್ಕಿಗೆ ಕಡಲನೊರೆ ಬೇಕೆ?

ನಮ್ಮ ಸಂಘದ ಸದಸ್ಯರೊಬ್ಬರ ಮಗಳು ಬೀದರ ಜಿಲ್ಲೆಯ ಮನ್ನಾಏಖೇಳ್ಳಿಯಲ್ಲಿ ಶಿಕ್ಷಕಿ. ಹುಮನಾಬಾದ್ ಕಡೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿನ ಊರು ಅದು. ಅಲ್ಲಿ ಕಾಫಿಯೂ ಇಲ್ಲ, ಅಡಿಕೆಯೂ ಇಲ್ಲ. ತೊಗರಿ, ಜೋಳದ ಸೀಮೆ. ಆಕೆ ಸಾಕಿದ್ದ ಎರಡು ಜೊತೆ 'ಲವ್ ಬರ್ಡ್ಸ್'ಗಳಲ್ಲಿ ಒಂದು ಹೆಣ್ಣು, ಮೊಟ್ಟೆ ಒಳಗೇ ಸಿಕ್ಕಿಕೊಂಡು ಸತ್ತಿತು. ಹಕ್ಕಿ ಮಾರಿದ ಅಂಗಡಿಯವರು ಕಡಲನೊರೆಯ ಒಂದು ಬಿಲ್ಲೆಯನ್ನೂ ಎರಡು ಸೀಸೆ ಟಾನಿಕ್ಕನ್ನೂ ಕೈಗಿತ್ತು, "ಇದ್ ಹಾಕ್ರಿ, ತತ್ತಿ ಸಲೀಸ್ ಬರ್ತದ" ಎಂದರಂತೆ. ಇವೆಲ್ಲ ನಿಜವಾಗಿ ಬೇಕೆ ಎಂದು ಮಗಳು ತಂದೆಯನ್ನು ಕೇಳಿ, ತಂದೆ ನಮ್ಮನ್ನು ಕೇಳಿದ್ದಾರೆ. ನಮ್ಮ ಸದಸ್ಯರ ಮನೆಗಳ ಜಗಲಿಗಳಲ್ಲೂ ಈಗ ಪಂಜರಗಳು ತೂಗುತ್ತಿವೆ, ಹಿತ್ತಲಲ್ಲಿ ಕೋಳಿಗಳಂತೂ ಇದ್ದೇ ಇವೆ. ಆದ್ದರಿಂದ ಉತ್ತರವನ್ನು ಎಲ್ಲರ ಉಪಯೋಗಕ್ಕೆ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಒಂದು ಮಾತು. ಅಂಗಡಿಯಲ್ಲಿ 'ಲವ್ ಬರ್ಡ್ಸ್' ಎಂದು ಮಾರುವುದು ಬಹುಪಾಲು ಆಸ್ಟ್ರೇಲಿಯ ಮೂಲದ ಬಜರಿಗರ್ ಎಂಬ ಪುಟ್ಟ ಗಿಳಿಯನ್ನು. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಇವನ್ನು ಸಾಕಲು ಅಡ್ಡಿಯಿಲ್ಲ. ನಮ್ಮ ತೋಟಗಳಿಗೆ ಬರುವ ಗಿಳಿ, ರಾಟವಾಳಗಳನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಕೂಲಿಯವರ ಮಕ್ಕಳು ಗಿಳಿಮರಿ ತಂದುಕೊಟ್ಟರೆ ತೆಗೆದುಕೊಳ್ಳಬಾರದು.

ಕಡಲನೊರೆಯೆಂದರೆ ನೊರೆಯೂ ಅಲ್ಲ, ಮೂಳೆಯೂ ಅಲ್ಲ. ಮಂಗಳೂರು, ಮಲ್ಪೆ ಬಂದರುಗಳಲ್ಲಿ ಬೊಂಡಾಸಿನ ಜೊತೆಗೆ ಬಂದಿಳಿಯುವ, ಅದೇ ಬಳಗದ ಒಂದು ಕಡಲಜೀವಿಯ ಮೈಯೊಳಗಿನ ಚಿಪ್ಪು ಅದು. ಒಳಗೆಲ್ಲ ಸಣ್ಣ ಸಣ್ಣ ಗಾಳಿಗೂಡುಗಳಿರುವುದರಿಂದ ಹಗುರ; ಆ ಪ್ರಾಣಿ ನೀರಿನಲ್ಲಿ ಮೇಲೆ ಕೆಳಗೆ ಆಡುವುದು ಇದರ ಬಲದಿಂದ. ಗ್ರಂದಿಗೆ ಅಂಗಡಿಗಳಲ್ಲಿ ಸಮುದ್ರನೊರೆ ಎಂಬ ಹೆಸರಿನಲ್ಲಿ ಹಿಂದಿನಿಂದಲೂ ಸಿಗುವ ವಸ್ತು ಇದೇ. ಇದರ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಕೋಳಿಮೊಟ್ಟೆಯ ಸಿಪ್ಪೆಯಲ್ಲಿರುವುದೂ ಅದೇ, ಕಪ್ಪೆಚಿಪ್ಪಿನಲ್ಲಿರುವುದೂ ಅದೇ. ಕಡಲನೊರೆಯ ಹೆಚ್ಚುಗಾರಿಕೆ ಇಷ್ಟೇ: ಮೃದುವಾಗಿರುವುದರಿಂದ ಸಣ್ಣ ಕೊಕ್ಕಿನ ಹಕ್ಕಿ ತನಗೆ ಬೇಕಾದಾಗ ಬೇಕಾದಷ್ಟನ್ನು ಕೆರೆದು ತಿನ್ನಬಲ್ಲದು.

ಹಾಗಾದರೆ ಹಕ್ಕಿಗೆ ಸುಣ್ಣದ ಅಂಶದ ಕೊರತೆ ಏಕೆ ಬರುತ್ತದೆ? ಉತ್ತರ ಕಾಳಿನ ಡಬ್ಬಿಯಲ್ಲಿದೆ. ನೂರು ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಇರುವುದು 30 ಮಿಲಿಗ್ರಾಮಿನ ಆಸುಪಾಸು, ನವಣೆಯಲ್ಲೂ ಅಷ್ಟೇ. ರಂಜಕವಾದರೋ ಅದರ ಏಳೆಂಟು ಪಟ್ಟಿಗೂ ಹೆಚ್ಚು. ರಂಜಕ ಅತಿಯಾದಾಗ ಇರುವ ಅಲ್ಪ ಕ್ಯಾಲ್ಸಿಯಂ ಕೂಡ ಮೈಗೆ ಹತ್ತುವುದಿಲ್ಲ. ಕುಸುಬಿ, ಸೂರ್ಯಕಾಂತಿ ಬೀಜಗಳಿಂದ ಕೊಬ್ಬು ಬೆಳೆಯುತ್ತದೆಯೇ ಹೊರತು ಈ ಕೊರತೆ ತೀರದು. ಮನ್ನಾಏಖೇಳ್ಳಿಯ ಆ ಹಕ್ಕಿಗಳು ತಿನ್ನುತ್ತಿದ್ದುದು ಬರೀ ನವಣೆ ಮತ್ತು ಜೋಳ. ಇದಕ್ಕೆ ಎದುರಾಗಿ ನಮ್ಮ ರಾಗಿಯನ್ನು ನೋಡಿ: ನೂರು ಗ್ರಾಮಿಗೆ 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ, ರಂಜಕ ಅದಕ್ಕಿಂತ ಕಡಿಮೆ. ಕಾಳಿನಲ್ಲಿ ಮೂರರಲ್ಲೊಂದು ಪಾಲು ರಾಗಿ ಬೆರೆಸಿ, ದಿನಕ್ಕೊಂದು ಎಳೆ ನುಗ್ಗೆಸೊಪ್ಪು ಕಟ್ಟಿದರೆ ಅರ್ಧ ಕೆಲಸ ಮುಗಿಯಿತು. ಪಾಲಕ್ ಸೊಪ್ಪನ್ನು ಇದಕ್ಕೆ ನೆಚ್ಚಬೇಡಿ. ಅದರಲ್ಲಿರುವ ಆಕ್ಸಲೇಟು ಕ್ಯಾಲ್ಸಿಯಮನ್ನು ಹಿಡಿದಿಟ್ಟುಕೊಳ್ಳುತ್ತದೆ.

ಎಲ್ಲ ಹಕ್ಕಿಗೂ ಬೇಕಾದ ಪ್ರಮಾಣ ಒಂದೇ ಅಲ್ಲ. ಗಂಡಿಗೂ, ಮೊಟ್ಟೆಯಿಡದ ಹೆಣ್ಣಿಗೂ ಬೇಕಾದದ್ದು ಅಲ್ಪ. ಮೊಟ್ಟೆಯಿಡುವ ಹೆಣ್ಣಿನ ಲೆಕ್ಕವೇ ಬೇರೆ. ಮೂವತ್ತು ನಾಲ್ವತ್ತು ಗ್ರಾಂ ತೂಗುವ ಬಜರಿಗರ್ ದಿನ ಬಿಟ್ಟು ದಿನ ಒಂದರಂತೆ, ತಲಾ ಎರಡು ಗ್ರಾಮಿನ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಆ ಸಿಪ್ಪೆಗೆಲ್ಲ ಬೇಕಾದ ಕ್ಯಾಲ್ಸಿಯಮನ್ನು ಅದು ಮೊದಲೇ ತನ್ನ ಮೂಳೆಗಳ ಒಳಗೆ ಕೂಡಿಟ್ಟುಕೊಂಡಿರಬೇಕು. ಕೂಡಿಡಲು ಏನೂ ಇಲ್ಲದಿದ್ದರೆ ಸಿಪ್ಪೆ ತೆಳುವಾಗುವುದಷ್ಟೇ ಅಲ್ಲ, ಮೊಟ್ಟೆಯನ್ನು ಹೊರದೂಡುವ ಸ್ನಾಯುಗಳೂ ಸೋಲುತ್ತವೆ, ಏಕೆಂದರೆ ಸ್ನಾಯು ಕುಗ್ಗಲು ಕ್ಯಾಲ್ಸಿಯಂ ಬೇಕು. ಮೊಟ್ಟೆ ಸಿಕ್ಕಿಕೊಳ್ಳುವುದಕ್ಕೆ ಎಳೆಯ ಪ್ರಾಯ, ಅತಿ ಕೊಬ್ಬು, ಚಳಿ ಇವೂ ಕಾರಣಗಳೇ. ಆದರೆ ತಡೆಯಲು ಸುಲಭವಾದುದು ಈ ಕಾರಣ. ಆದಕಾರಣ ಗೂಡುಪೆಟ್ಟಿಗೆ ತೂಗುಹಾಕುವುದಕ್ಕೆ ಎರಡು ಮೂರು ವಾರ ಮೊದಲೇ ಕಡಲನೊರೆ ಪಂಜರದಲ್ಲಿರಬೇಕು. ವರ್ಷಕ್ಕೆ ಎರಡು ಸಲ ಮರಿ ಮಾಡಿಸಿದ ಮೇಲೆ ಪೆಟ್ಟಿಗೆಯನ್ನು ತೆಗೆದುಬಿಡಬೇಕು.

ಟಾನಿಕ್ಕಿನ ಬಗ್ಗೆ ನಮ್ಮ ಅಭಿಪ್ರಾಯ ನೇರವಾದುದು. ಕಡಲನೊರೆ ಇರುವಲ್ಲಿ, ಮೇವು ಸರಿಯಿರುವಲ್ಲಿ, ಅದು ಬೇಕಿಲ್ಲ. ಕಡಲನೊರೆಯನ್ನು ಹಕ್ಕಿ ತನ್ನ ಅಗತ್ಯದಂತೆ ತಿನ್ನುತ್ತದೆ. ಕುಡಿಯುವ ನೀರಿಗೆ ಬೆರೆಸಿದ್ದನ್ನು ಬಾಯಾರಿಕೆಯಾದಾಗಲೆಲ್ಲ ಕುಡಿಯಲೇಬೇಕು. ಮಿತಿಮೀರಿದ ಕ್ಯಾಲ್ಸಿಯಂ ಮೂತ್ರಪಿಂಡವನ್ನು ಕೆಡಿಸುತ್ತದೆ, ಎಳೆಯ ಹಕ್ಕಿಗಳಲ್ಲಿ ವಿಶೇಷವಾಗಿ. ಡಿ ವಿಟಮಿನ್ ಸೇರಿದ ಔಷಧವಾದರೆ ಎರಡರಷ್ಟು ಎಚ್ಚರ ಬೇಕು. ಪಶುವೈದ್ಯರು ಹಕ್ಕಿಯನ್ನು ನೋಡಿ ಹೇಳಿದರೆ ಕೊಡಿ.

ಡಿ ವಿಟಮಿನ್ ಇಲ್ಲದೆ ಕ್ಯಾಲ್ಸಿಯಂ ಒಳಗಿಳಿಯದೆಂಬುದು ನಿಜ. ಆದರೆ ಅದನ್ನು ಹಕ್ಕಿಗೆ ಬಿಸಿಲು ಪುಕ್ಕಟೆ ಕೊಡುತ್ತದೆ. ಮನ್ನಾಏಖೇಳ್ಳಿಯಲ್ಲಿ ಬಿಸಿಲಿಗೇನು ಬರವೇ? ಆದರೂ ಪಂಜರವಿದ್ದುದು ಗಾಜಿನ ಕಿಟಕಿಯ ಒಳಗೆ, ಮತ್ತು ಈ ಕೆಲಸಕ್ಕೆ ಬೇಕಾದ ಕಿರಣ ಗಾಜನ್ನು ದಾಟುವುದಿಲ್ಲ. ನಮ್ಮ ಮಲೆನಾಡಿನ ಕಷ್ಟ ಬೇರೆ: ಜೂನಿನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖವೇ ಅಪರೂಪ. ಮಳೆ ಹೊಳವಾದ ದಿನ ಅರ್ಧ ಗಂಟೆಯಾದರೂ ಪಂಜರವನ್ನು ಅಂಗಳಕ್ಕೆ ತಂದು, ಒಂದು ಮಗ್ಗುಲಿಗೆ ನೆರಳು ಮಾಡಿ ಇಡಿ. ಬೆಕ್ಕಿನ ಮೇಲೆ ಕಣ್ಣಿರಲಿ. ಆ ನಾಲ್ಕು ತಿಂಗಳು ಮರಿ ಮಾಡಿಸದಿರುವುದೇ ಲೇಸು.

ಕಡಲನೊರೆ ಸಿಗದವರು ಕೋಳಿಮೊಟ್ಟೆಯ ಸಿಪ್ಪೆಯನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ, ಪುಡಿಮಾಡಿ ಸಣ್ಣ ಬಟ್ಟಲಲ್ಲಿಡಬಹುದು. ಕರಾವಳಿಯ ನೆಂಟರು ಮರಳದಂಡೆಯಿಂದ ಆಯ್ದು ತಂದ ಕಡಲನೊರೆಯಾದರೆ ಎರಡು ಮೂರು ದಿನ ನೀರು ಬದಲಿಸುತ್ತ ನೆನೆಹಾಕಿ, ಉಪ್ಪು ಬಿಡಿಸಿ, ಕುದಿಸಿ, ಬಿಸಿಲಲ್ಲಿ ಒಣಗಿಸಿ. ಮೆತ್ತನೆಯ ಮಗ್ಗುಲು ಹಕ್ಕಿಯ ಕಡೆಗಿರುವಂತೆ ಪಂಜರಕ್ಕೆ ಕಟ್ಟಬೇಕು. ಮುಟ್ಟದ ಹಕ್ಕಿಗೆ ಚಾಕುವಿನಿಂದ ಕೆರೆದು ಕಾಳಿನ ಮೇಲೆ ಉದುರಿಸಿ.

ಹಿತ್ತಲ ಕೋಳಿಗೂ ಇದೇ ನ್ಯಾಯ. ಕೆದಕಿ ತಿನ್ನುವ ನಾಟಿ ಕೋಳಿಯ ಮೊಟ್ಟೆ ಕಡಿಮೆ, ಕೊರತೆಯೂ ಕಡಿಮೆ. ಗಿರಿರಾಜ, ಸ್ವರ್ಣಧಾರದಂಥ ಹೆಚ್ಚು ಮೊಟ್ಟೆಯ ತಳಿಗಳಿಗೆ ಪ್ರತಿ ಸಿಪ್ಪೆಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಸಿಪ್ಪೆ ಕಟ್ಟುವುದು ಬಹುಮಟ್ಟಿಗೆ ರಾತ್ರಿ. ಸಂಜೆ ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ದಪ್ಪ ಚೂರು ಇಟ್ಟರೆ ಅವೇ ಆರಿಸಿ ತಿನ್ನುತ್ತವೆ.

ಇನ್ನು ತೋಟಗಾರರಿಗೇ ಹೇಳಬೇಕಾದ ವಿಷಯ. ನಮ್ಮ ಉಗ್ರಾಣಗಳಲ್ಲಿ ಸುಣ್ಣ ಸದಾ ಇರುತ್ತದೆ, ಕೊಳೆರೋಗದ ಬೋರ್ಡೊ ದ್ರಾವಣಕ್ಕೆ, ತೋಟದ ಹುಳಿಮಣ್ಣಿಗೆ. 'ಸುಣ್ಣದ ಅಂಶ' ಎಂದ ಕೂಡಲೇ ಅದರಿಂದಲೇ ಒಂದು ಚಿಟಿಕೆ ಹಾಕುವ ಅಭ್ಯಾಸ ಕೆಲವೆಡೆ ಕಂಡಿದ್ದೇವೆ. ಚಿಪ್ಪು ಭಟ್ಟಿಗೆ ಹೋಗುವ ಮುನ್ನ ಮೇವು. ಸುಟ್ಟು ನೀರು ಕೂಡಿದ ಮೇಲೆ ಬಾಯಿ, ಅನ್ನನಾಳ ಸುಡುವ ಕ್ಷಾರ. ಎಲೆಗೆ ಹಚ್ಚುವ ಸುಣ್ಣವೂ ಅದೇ. ಡಾಲಮೈಟಿನಲ್ಲಿ ಮೆಗ್ನೀಸಿಯಂ ಅತಿ. ರಾಕ್ ಫಾಸ್ಫೇಟಿನಲ್ಲಿ ಫ್ಲೋರಿನ್ ಇದೆ. ಮೂರನ್ನೂ ಹಕ್ಕಿಗಾಗಲಿ ಕೋಳಿಗಾಗಲಿ ಕೊಡಕೂಡದು. ಮೈಲುತುತ್ತ ಕಲಸಿದ ಪೀಪಾಯಿಯ ಬಳಿಗೂ ಕೋಳಿಗಳನ್ನು ಬಿಡಬೇಡಿ.

ಹೆಣ್ಣುಹಕ್ಕಿ ಪಂಜರದ ತಳದಲ್ಲಿ ಗರಿ ಉಬ್ಬಿಸಿ ಕುಳಿತು, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆಯೆಂದು ತಿಳಿಯಿರಿ. ಆಗ ಕಡಲನೊರೆಯಿಂದ ಪ್ರಯೋಜನವಿಲ್ಲ, ಹೊಟ್ಟೆ ಅದುಮಬಾರದು. ಬೆಚ್ಚಗಿಟ್ಟು ಅದೇ ದಿನ ವೈದ್ಯರಲ್ಲಿಗೆ ಒಯ್ಯಿರಿ. ನಮ್ಮವರಿಗೆ ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಮನ್ನಾಏಖೇಳ್ಳಿಯವರಿಗೆ ಬೀದರಿನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ.