ಹಿರಿಯರ ಪೀಶಕತ್ತಿಯನ್ನು ಉಜ್ಜದಿರಿ

ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಅಡಕೆತೋಟದ ಮನೆಗಳಲ್ಲಿ, ವೀಳ್ಯದ ಹರಿವಾಣದಲ್ಲಿಯೋ ಹಳೆಯ ಮರದ ಪೆಟ್ಟಿಗೆಯ ತಳದಲ್ಲಿಯೋ ಹಿರಿಯರ ಮಡಚುವ ಪೀಶಕತ್ತಿಯೊಂದು ತುಕ್ಕುಹಿಡಿದು ಬಿದ್ದಿದ್ದರೆ, ಅದನ್ನು ಗುಜರಿಯವನಿಗೆ ಒಪ್ಪಿಸುವ ಮುನ್ನ, ಅಲಗು ಹಿಡಿಯೊಡನೆ ಕೂಡುವ ಬುಡದ ಮೇಲೆ ಭೂತಕನ್ನಡಿಯ ಸಹಾಯದಿಂದ ಒಮ್ಮೆ ದೃಷ್ಟಿ ಹಾಯಿಸಬೇಕೆಂದು ವಾಚಕರಲ್ಲಿ ನನ್ನ ವಿನಂತಿ. ತಯಾರಕರ ಮುದ್ರೆಯಿರುವುದು ಸಾಮಾನ್ಯವಾಗಿ ಅಲ್ಲಿಯೇ. ಕತ್ತಿಯ ಜಾತಕವೇ ಅದು. ನಕ್ಷತ್ರವೂ ಮಾಲ್ಟೀಸ್ ಶಿಲುಬೆಯೂ ಜೊತೆಯಾಗಿ ಕಂಡರೆ ಅದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಜೋಸೆಫ್ ರಾಜರ್ಸ್ ಸಂಸ್ಥೆಯ ಚಿಹ್ನೆ. ಕಿರೀಟದ ಇಕ್ಕೆಲಗಳಲ್ಲಿ ‘ವಿ’, ‘ಆರ್’ ಎಂಬ ಅಕ್ಷರಗಳಿದ್ದರೆ, 1837ರಿಂದ 1901ರವರೆಗೆ ಆಳಿದ ವಿಕ್ಟೋರಿಯಾ ರಾಣಿಯ ಕಾಲದ್ದೆಂದು ಊಹಿಸಬಹುದು. ಆದರೆ ಕೀರ್ತಿವಂತರ ಮುದ್ರೆಗೆ ಅನುಕರಣವೂ ಬಹಳವಾದುದರಿಂದ, ಅಲಗು ಅಲುಗಾಡದೆ ನಿಲ್ಲುವುದೋ, ಬೆನ್ನಿನ ಸ್ಪ್ರಿಂಗು ದೃಢವಾಗಿರುವುದೋ ಎಂಬುದನ್ನೂ ಪರೀಕ್ಷಿಸತಕ್ಕದ್ದು.

ಕಡಲಗಾಳಿಯ ಉಪ್ಪು, ಆಷಾಢದ ತೇವ, ಅಡಕೆಯ ಚೊಗರು ಇವೆಲ್ಲ ಉಕ್ಕಿಗೆ ವೈರಿಗಳೇ ಸರಿ. ಆದರೂ ಮರಳುಕಾಗದದಿಂದ ಉಜ್ಜುವುದು ಅದಕ್ಕಿಂತ ಘೋರವಾದ ಅಪಚಾರ, ಏಕೆಂದರೆ ತುಕ್ಕಿನೊಡನೆ ಮುದ್ರೆಯೂ ಅಳಿಸಿಹೋಗುವುದು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲನೆ ಒರೆಸಿ, ಕೀಲಿಗೆ ಹೊಲಿಗೆಯಂತ್ರದ ತೆಳುವಾದ ಎಣ್ಣೆಯ ಒಂದು ಹನಿ ಬಿಡಿ. ತೆಂಗಿನೆಣ್ಣೆ ಕಾಲಾಂತರದಲ್ಲಿ ಅಂಟಾಗುವುದು. ದಂತದ ಅಥವಾ ಜಿಂಕೆಯ ಕೊಂಬಿನ ಹಿಡಿಯುಳ್ಳ ಕತ್ತಿಯನ್ನು ಮಾತ್ರ ವನ್ಯಜೀವಿ ಕಾನೂನನ್ನು ವಿಚಾರಿಸದೆ ಕೊಳ್ಳಲೂಬೇಡಿ, ಮಾರಲೂಬೇಡಿ.

ಇನ್ನು, ಆ ಕತ್ತಿ ಯಾರ ಸೊಂಟದಲ್ಲಿತ್ತು, ಯಾವ ಪೇಟೆಯಿಂದ ಬಂದಿತು ಎಂಬುದನ್ನು ಮನೆಯ ವೃದ್ಧರಲ್ಲಿ ಇಂದೇ ಕೇಳಿ, ಚೀಟಿಯೊಂದರಲ್ಲಿ ಬರೆದು ಕತ್ತಿಯ ಜೊತೆಗಿರಿಸಿರಿ.