ಎಕೋ ವರದಿಯ ಪ್ರಶ್ನಾರ್ಥಕ ಚಿಹ್ನೆ

ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹೃದಯದ ಮಾತು ಬಂದರೆ ಎಲ್ಲರ ಕೈಯೂ ಕೆಆರ್‌ಎಸ್ ರಸ್ತೆಯತ್ತ ತೋರಿಸುತ್ತದೆ. ಜಯದೇವ ಆಸ್ಪತ್ರೆ ಇರುವುದು ಅಲ್ಲೇ. 2025ರ ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿದಾಗ ಅಲ್ಲಿ ಬೆಳಗಾಗುತ್ತಲೇ ಸರತಿ ನಿಂತಿತು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಬಳಿಕವೂ ಹೀಗೇ ಆಗಿತ್ತು. ಹೆದರಿ ಓಡಿದವರಲ್ಲಿ ಬಹುಪಾಲು ಜನ ಕೇಳಿದ್ದು ಒಂದೇ ಪ್ರಶ್ನೆ: ನನ್ನ ಹೃದಯ ಸರಿಯಿದೆಯೇ? ಪರ್ಸಿನ ಕಥೆ ಶುರುವಾಗುವುದು ಆ ಪ್ರಶ್ನೆಗೆ 'ಇರಬಹುದು' ಎಂಬ ಉತ್ತರ ಬಂದಾಗ.

ಈ ಅಂಕಣಕಾರನಿಗೆ ಬಂದದ್ದು ಅಂಥ ಉತ್ತರವೇ. ಇನ್ಯಾವುದೋ ಕಾರಣಕ್ಕೆ ಹೋದವನ ಎದೆಯಲ್ಲಿ ವೈದ್ಯರಿಗೆ ಸಣ್ಣದೊಂದು ಮರ್ಮರ ಕೇಳಿಸಿತು. ಇಸಿಜಿ, ಆಮೇಲೆ ಎಕೋ. ವರದಿಯ ಕೊನೆಯ ಸಾಲು: 'ಪಿಎಫ್‌ಒ?'

ಸುದ್ದಿ ಕೇಳಿದ ಪಕ್ಕದ ಮನೆಯವರು "ಅಯ್ಯೋ, ಹಾರ್ಟಲ್ಲಿ ತೂತಂತೆ!" ಎಂದು ಮರುಗಿದರು. ವಾಸ್ತವದಲ್ಲಿ ತಾಯಿಯ ಹೊಟ್ಟೆಯಲ್ಲಿದ್ದಾಗ ಎಲ್ಲರ ಹೃದಯದಲ್ಲೂ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ ಇರುತ್ತದೆ. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚುವುದಿಲ್ಲ; ಅದೇ ಪಿಎಫ್‌ಒ. ಅವರಲ್ಲಿ ಹೆಚ್ಚಿನವರು ವಿಷಯ ತಿಳಿಯದೆಯೇ ಬಾಳಿ ಮುಗಿಸುತ್ತಾರೆ. ಅನುಮಾನ ಬಗೆಹರಿಸಲು ಬಬಲ್ ಎಕೋ ಮಾಡುತ್ತಾರೆ. ಸಲೈನ್‌ಗೆ ಚೂರು ಗಾಳಿ ಬೆರೆಸಿ ಕುಲುಕಿ ಕೈನರಕ್ಕೆ ಚುಚ್ಚುತ್ತಾರೆ, ಉಸಿರು ಬಿಗಿಹಿಡಿದು ಮುಕ್ಕಲು ಹೇಳುತ್ತಾರೆ. ಗುಳ್ಳೆಗಳು ಕೂಡಲೇ ಎಡಭಾಗಕ್ಕೆ ದಾಟಿದರೆ ಕಿಂಡಿ ಇದೆ ಎಂದರ್ಥ. ಪರದೆ ನೋಡುತ್ತ ಮಲಗಿದವನಿಗೆ ಆ ಕ್ಷಣ ಬಿಲ್ಲಿನ ನೆನಪೂ ಬರುವುದಿಲ್ಲ.

ಬಿಲ್ಲು ಮಾತ್ರ ಬರುತ್ತದೆ, ಅದೂ ಸ್ವಂತ ಜೇಬಿಗೆ. ಸಾಮಾನ್ಯ ಆರೋಗ್ಯ ವಿಮೆ ಹೊರರೋಗಿ ಪರೀಕ್ಷೆಗಳ ಹಣ ಕೊಡುವುದಿಲ್ಲ. "ಒಂದು ದಿನ ಅಡ್ಮಿಟ್ ಆಗಿಬಿಡಿ, ಕ್ಲೇಮ್ ಆಗುತ್ತೆ" ಎನ್ನುವ ಹಿತೈಷಿಗಳು ಎಲ್ಲೆಡೆ ಇದ್ದಾರೆ. ಆದರೆ ಬರೀ ಪರೀಕ್ಷೆಗಾಗಿ ದಾಖಲಾದರೆ ಹಣ ಸಿಗದು ಎಂಬ ಷರತ್ತು ಬಹುತೇಕ ಪಾಲಿಸಿಗಳಲ್ಲಿ ಇದೆ.

ಪರೀಕ್ಷೆಯ ಖರ್ಚು ಒಂದು ಸಲದ್ದು. ಆ ಪ್ರಶ್ನಾರ್ಥಕ ಚಿಹ್ನೆಯ ಖರ್ಚು ವರ್ಷಗಟ್ಟಲೆ ನಡೆಯುತ್ತದೆ ಎಂಬುದೇ ಅಂಕಣಕಾರನ ತಕರಾರು. ಪಾಲಿಸಿಗೆ ಮೊದಲಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ ಅಥವಾ ಸಲಹೆ ಕೊಟ್ಟ ಕಾಯಿಲೆ 'ಮೊದಲೇ ಇದ್ದದ್ದು' ಎನಿಸುತ್ತದೆ. ಅದಕ್ಕೆ ಕಾಯುವ ಅವಧಿಯನ್ನು ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. 2019ರ ಮಾರ್ಗಸೂಚಿಯಂತೂ ಹುಟ್ಟಿನಿಂದ ಬಂದ ಹೃದಯದೋಷ, ಕವಾಟದ ಕಾಯಿಲೆಗಳನ್ನು ಗ್ರಾಹಕನ ಒಪ್ಪಿಗೆ ಪಡೆದು ಕಾಯಂ ಹೊರಗಿಡಲೂ ಅವಕಾಶ ಕೊಟ್ಟಿತ್ತು. ನಾಲ್ವರಲ್ಲಿ ಒಬ್ಬರಿಗಿರುವ ಕಿಂಡಿಯನ್ನೂ ದೊಡ್ಡ ರಂಧ್ರವನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ಅನ್ಯಾಯ.

ಒಬ್ಬ ಏಜೆಂಟ್ ಸಲಹೆ ಕೊಟ್ಟ: "ಸಾರ್, ಅದನ್ನೆಲ್ಲ ಫಾರ್ಮಲ್ಲಿ ಬರೀಬೇಡಿ. ಐದು ವರ್ಷ ಕಳೆದ್ರೆ ಯಾರೂ ಕೇಳಲ್ಲ." ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಸತತ 60 ತಿಂಗಳು ಪಾಲಿಸಿ ನಡೆಸಿದ ಮೇಲೆ ಮಾಹಿತಿ ಮುಚ್ಚಿಟ್ಟರೆಂದು ಕ್ಲೇಮ್ ತಿರಸ್ಕರಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಆ ರಕ್ಷಣೆ ಇಲ್ಲ. ಎಕೋ ವರದಿ ಕೈಯಲ್ಲಿಟ್ಟುಕೊಂಡು 'ಇಲ್ಲ' ಎಂದು ಬರೆಯುವುದು ವಂಚನೆಗೆ ಬಹಳ ಹತ್ತಿರ. ಆ ಐದು ವರ್ಷದೊಳಗೇ ಆಸ್ಪತ್ರೆ ಸೇರಬೇಕಾದರೆ? ಏಜೆಂಟ್ ಫೋನೆತ್ತುವನೆಂಬ ಖಾತ್ರಿ ಇಲ್ಲ.

ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ದುಡಿಯುವ ಅನೇಕರಿಗೆ ಕಂಪನಿಯ ಗುಂಪು ವಿಮೆ ಇದೆ. ಸಾಮಾನ್ಯವಾಗಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಕೊಡುವ ಅದು, ಕೆಲಸ ಬಿಟ್ಟ ದಿನ ನಿಂತುಹೋಗುತ್ತದೆ. ಆದ್ದರಿಂದ ಕೆಲಸದಲ್ಲಿದ್ದಾಗಲೇ ಸ್ವಂತ ಪಾಲಿಸಿ ಮಾಡಿ ಕಾಯುವ ಅವಧಿ ಕಳೆಯುವುದು ಜಾಣತನ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ.

ಅಂಕಣಕಾರ ಈಗ ವೈದ್ಯರು ಹೇಳಿದಾಗ ಎಕೋ ಮಾಡಿಸುತ್ತಾನೆ, ಮಾತ್ರೆಯಿಲ್ಲ, ಪಥ್ಯವಿಲ್ಲ. ನಿಮ್ಮ ವರದಿಯಲ್ಲೂ ಇಂಥ ಚಿಹ್ನೆ ಇದ್ದರೆ ಅರ್ಜಿಯಲ್ಲಿ ಬರೆಯಿರಿ, ವರದಿಯ ಪ್ರತಿ ಲಗತ್ತಿಸಿ, ಕಳಿಸಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ಪಾಲಿಸಿ ಕೈಸೇರಿದ ಮೇಲೆ ಓದಿ ನೋಡಲು 30 ದಿನ ಸಮಯವಿರುತ್ತದೆ. ಹೃದಯವನ್ನೇ ಹೊರಗಿಟ್ಟ ಷರತ್ತು ಕಂಡರೆ ಅಷ್ಟರೊಳಗೆ ವಾಪಸ್ ಮಾಡಬಹುದು.